ಸುರಂಗಕ್ಕೆ ಬಿರಡೆ: ಮಗಳಿಗೊಂದು ಪತ್ರ

ಪ್ರೀತಿಯ ಕೂಸೇ,

ನಾಳೆ ಸಂಜೆ ಅಪ್ಪ ಮಂಗಳೂರಿಗೆ ಹೋಗಿ ಅಲ್ಲಿಂದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬರುತ್ತಾರೆ. ಅವರ ಚೀಲದಲ್ಲಿ ಮಿಡಿ ಉಪ್ಪಿನಕಾಯಿ ಭರಣಿಯ ಪಕ್ಕ ಈ ಕಾಗದ ಇಟ್ಟಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಬೇಗ ಮಾತಾಡುತ್ತೀ, ನಾನು ಜೋರಾಗಿ ಮಾತಾಡುತ್ತೇನೆ, ಮುಗಿದ ಮೇಲೆ ಇಬ್ಬರಿಗೂ ಊಟ ಸೇರುವುದಿಲ್ಲ. ಮೊನ್ನೆ ರಾತ್ರಿ ಯಾರು ಎಂತ ಹೇಳಿದೆವೆಂದು ಇಬ್ಬರಿಗೂ ನೆನಪುಂಟು, ಅದನ್ನು ಪುನಃ ಬರೆಯುವುದಿಲ್ಲ. ನಾನು ಫ್ಯಾಮಿಲಿ ಗ್ರೂಪು ಬಿಟ್ಟದ್ದು ಸಿಟ್ಟಿನಿಂದಲೇ. ಚಿಕ್ಕಮ್ಮನ ಹತ್ತಿರ ನೆಟ್‌ವರ್ಕ್ ಸರಿ ಇರಲಿಲ್ಲ ಎಂದದ್ದು ಸುಳ್ಳು. ಗುಡ್ಡೆಯಲ್ಲಿ ಹೊಸ ಟವರ್ ಬಂದ ಮೇಲೆ ನೆಟ್‌ವರ್ಕಿಗೆ ಎಂತ ಕಮ್ಮಿ?

ಮೊದಲು ನನ್ನ ತಪ್ಪು. ಆ ವಾಯ್ಸ್ ಮೆಸೇಜನ್ನು ಪೂರ್ತಿ ಕೇಳದೆ ಕಳಿಸಿದ್ದು ನಾನು. 5ಜಿ ಟವರಿನಿಂದ ಜೇನು ಓಡಿಹೋಗುತ್ತದೆ, ಅಡಿಕೆ ಮರ ಹಳದಿಯಾಗುತ್ತದೆ ಎಂದು ಯಾರೋ ಗಂಭೀರ ಸ್ವರದಲ್ಲಿ ಹೇಳಿದ್ದರು. ಹಿಂದಿನ ಸ್ಟಾಫ್‌ರೂಮಿನ ಗೆಳತಿಯಿಂದ ಬಂತು, ಒತ್ತಿದೆ, ಹೋಯಿತು. ಮೂವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟವಳು! ನೀನು ಉತ್ತರ ಹಾಕಿದ ಮೇಲೆ ಕ್ಯಾಲೆಂಡರಿನ ಹಿಂದೆ ಲೆಕ್ಕ ಮಾಡಿ ನೋಡಿದೆ. ಕಂಪ್ಯೂಟರ್ ಚಿಪ್ ಮಾಡಲಿಕ್ಕೆಂದು ನೀನು ನೆದರ್ಲೆಂಡ್ಸಿನಲ್ಲಿ ಕೆಲಸ ಮಾಡಲು ಹೊರಟ ಆ 13.5 ನ್ಯಾನೋಮೀಟರಿನ ಬೆಳಕು ಉಂಟಲ್ಲ, ಅದರ ಒಂದು ಕಣಕ್ಕೆ ಸುಮಾರು 92 ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಟವರಿನ 3.5 ಗಿಗಾಹರ್ಟ್ಸ್ ಅಲೆಯ ಕಣಕ್ಕೆ ಅದರ ಅರವತ್ತು ಲಕ್ಷದಲ್ಲೊಂದು ಪಾಲೂ ಇಲ್ಲ. ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳುವ ತಾಕತ್ತು ಅದಕ್ಕೆಲ್ಲಿ? ಅಡಿಕೆಯ ಹಳದಿ ರೋಗ ಕೇರಳದಲ್ಲಿ ಕಂಡದ್ದು 1914ರಲ್ಲಿ, ಆಗ ಯಾವ ಟವರಿತ್ತು ಎಂದು ನೀನು ಕೇಳಿದ್ದೂ ಸರಿ. ಒಪ್ಪಿದೆ. ಗ್ರೂಪಿನಲ್ಲೇ ಒಪ್ಪಬೇಕಿತ್ತು.

ಈಗ ನಿನ್ನ ತಪ್ಪು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಪಟ್ಟಿಯಲ್ಲಿ ಮೊಬೈಲ್ ಅಲೆ 2ಬಿ (ಕ್ಯಾನ್ಸರ್ ತರಲೂಬಹುದು), ಉಪ್ಪಿನಕಾಯಿಯೂ 2ಬಿ, ಅಡಿಕೆ ಮಾತ್ರ ಒಂದನೇ ಗುಂಪು (ತರುವುದು ಖಚಿತ), ಹಾಗಾಗಿ ಟವರ್ ತೆಗೆಸುವ ಮೊದಲು ಅಪ್ಪನ ತೋಟ ಕಡಿಸಿ ಎಂದು ಬರೆದೆಯಲ್ಲ. ಹದಿನಾಲ್ಕು ಜನ ಕಣ್ಣಲ್ಲಿ ನೀರು ಬರುವ ಹಾಗೆ ನಗುವ ಮುಖ ಒತ್ತಿದರು. ಅಪ್ಪನೂ ಒತ್ತಿದರು, ಅವರಿಗೆ ಕನ್ನಡಕ ಇರಲಿಲ್ಲ. ಆದರೆ ಆ ಗುಂಪಿನ ಸಂಖ್ಯೆ ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂದು. ಅಪಾಯ ಎಷ್ಟು ದೊಡ್ಡದು ಎಂದಲ್ಲ. ಒಂದನೇ ಗುಂಪಿನಲ್ಲಿರುವ ಎರಡು ವಸ್ತುಗಳ ಅಪಾಯದಲ್ಲಿ ಅಜಗಜಾಂತರ ಇರಬಹುದು. ಅಡಿಕೆ ಜಗಿಯುವುದರಿಂದ ಬಾಯಿ ಕ್ಯಾನ್ಸರ್ ಬರುತ್ತದೆ ಎಂಬುದು ಸತ್ಯವೇ, ಅಡಿಕೆಯಲ್ಲಿ ಬದುಕಿದವರಾಗಿ ನಾವು ಅದನ್ನು ನುಂಗಿಕೊಳ್ಳಬೇಕು. ಆದರೆ ಒಂದಕ್ಕಿಂತ 2ಬಿ ಇಷ್ಟು ಪಾಲು ಕಡಿಮೆ ಅಪಾಯ ಎಂದು ಲೆಕ್ಕ ಹಾಕಲಿಕ್ಕೆ ಆ ಪಟ್ಟಿ ಬರುವುದಿಲ್ಲ. ಮತ್ತೆ ಆ ಉಪ್ಪಿನಕಾಯಿ ಪೂರ್ವ ಏಷ್ಯಾ ಕಡೆಯ ಉಪ್ಪು ಹಾಕಿ ಹುಳಿಬರಿಸಿದ ತರಕಾರಿ, ನಮ್ಮ ಮಾವಿನ ಮಿಡಿ ಅಲ್ಲ. ಇದನ್ನು ಹುಡುಕಿ ಓದಿದಾಗ ರಾತ್ರಿ ಒಂದೂವರೆ ಗಂಟೆ. ನಿನ್ನ ತಪ್ಪು ಸಿಕ್ಕಿತೆಂದು ಆದ ಖುಷಿ ಎಷ್ಟೆಂದರೆ ಅಪ್ಪನನ್ನು ಎಬ್ಬಿಸಿ ಹೇಳಿದೆ. ಅವರು ಮಗ್ಗುಲು ಬದಲಿಸಿದರು.

ನಿನ್ನ ತಮಾಷೆ ನನಗೆ ಆಗುವುದಿಲ್ಲ ಎಂದು ತಿಳಿಯಬೇಡ. 2023ರಲ್ಲಿ ಎಲ್‌ಕೆ-99 ಎಂಬ ಕಪ್ಪು ಕಲ್ಲು ಕೋಣೆಯ ಉಷ್ಣತೆಯಲ್ಲೇ ತಡೆಯಿಲ್ಲದೆ ವಿದ್ಯುತ್ ಹರಿಸುವ ಸೂಪರ್‌ಕಂಡಕ್ಟರ್ ಆಗುತ್ತದೆ ಎಂದು ಕೊರಿಯಾದವರು ಹೇಳಿ, ಜಗತ್ತೆಲ್ಲ ಹಾರಾಡಿದಾಗ, ನೀನು ನನ್ನ ಸೀದುಹೋದ ಮೈಸೂರುಪಾಕಿನ ಫೋಟೋ ಹಾಕಿ 'ಇದೂ ಗಟ್ಟಿ, ಇದೂ ಕಪ್ಪು, ನೊಬೆಲ್ ಯಾವಾಗ' ಎಂದು ಬರೆದಿದ್ದೆ. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದವರೂ ಮಾಡಿ ನೋಡಿ ಇಲ್ಲವೆಂದರು, ನೀನು ಗೆದ್ದೆ. ಕಳೆದ ವರ್ಷ 3ಐ ಅಟ್ಲಾಸ್ ಎಂಬ ಧೂಮಕೇತು ಬೇರೆ ನಕ್ಷತ್ರದ ಕಡೆಯಿಂದ ಬಂದಾಗ ಸೋದರಮಾವ ಅದು ಏಲಿಯನ್ ನೌಕೆಯೇ ಎಂದು ಹಟ ಹಿಡಿದರು. 'ಬರಲಿ ಮಾವ, ತಲಪಾಡಿ ಟೋಲಿನಲ್ಲಿ ಫಾಸ್ಟ್‌ಟ್ಯಾಗ್ ಇಲ್ಲದೆ ಸಿಕ್ಕಿಬೀಳುತ್ತದೆ' ಎಂದೆಯಲ್ಲ, ಅದನ್ನು ನಾನು ಸೊಸೈಟಿಯ ಕ್ಯೂನಲ್ಲಿ ನಿಂತು ಮೂರು ಜನಕ್ಕೆ ಹೇಳಿದ್ದೇನೆ. ಅದು ಭೂಮಿಗೆ ಅತಿ ಹತ್ತಿರ ಬಂದದ್ದೇ ಸುಮಾರು 27 ಕೋಟಿ ಕಿಲೋಮೀಟರ್ ದೂರದಲ್ಲಿ ಎಂದೂ ಸೇರಿಸಿದೆ. ಟೀಚರ್ ಬುದ್ಧಿ.

ನನಗೆ ಆಗದಿದ್ದದ್ದು ಆ ಸ್ಟಿಕ್ಕರ್.

ಮೇಲಿನ ಮನೆ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: 'ಟವರಿನ ಬುಡದಲ್ಲಿ ಜೇನುಪೆಟ್ಟಿಗೆ ಇಡಬಹುದಾ ಮಗಳೇ, ಎಷ್ಟು ದೂರ ಬೇಕು?' ನೀನು ಅವಳ ಫೋಟೋದ ತಲೆಗೆ ಅಲ್ಯೂಮಿನಿಯಂ ಬೋಗುಣಿ ಕವುಚಿ ಸ್ಟಿಕ್ಕರ್ ಮಾಡಿದೆ. ಅದು ನಮ್ಮ ಗ್ರೂಪಿನಿಂದ ಹಾರಿ ಭಜನಾ ಮಂದಿರದ ಗ್ರೂಪಿಗೆ ಹೋಗಿ, ಅಲ್ಲಿಂದ ಅವಳ ಮೊಮ್ಮಗನ ಫೋನಿನಲ್ಲಿ ಅವಳಿಗೇ ಬಂತು. ಅವಳು ಎಂತ ಹೇಳಿದಳು ಗೊತ್ತುಂಟಾ? 'ಬೋಗುಣಿ ನಮ್ಮದೇ ಥರ ಉಂಟು.' ಅಷ್ಟೇ. ಅದಕ್ಕೇ ನನಗೆ ನಿದ್ದೆ ಬರಲಿಲ್ಲ, ಯಾಕೆಂದರೆ ಹಾಗೆ ಸುಮ್ಮನಾದ ಇನ್ನೊಬ್ಬಳನ್ನು ನಾನು ನೋಡಿದ್ದೇನೆ.

ನೀನು ಹುಟ್ಟುವ ಮೊದಲಿನ ಮಾತು. 1992. ನನಗೆ ಕೆಲಸ ಸಿಕ್ಕಿ ಎರಡು ವರ್ಷ. ಸುತ್ತಲಿನ ಗುಡ್ಡೆಗಳ ತಲೆಯ ಮೇಲೆಲ್ಲ ಗೇರುತೋಟ, ಟೀ ಸೊಳ್ಳೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಹೊಡೆಯುತ್ತಿದ್ದರು. (ಅದು ಸೊಳ್ಳೆಯೇ ಅಲ್ಲ, ಚಿಗುರಿನ ರಸ ಹೀರುವ ತಿಗಣೆ ಜಾತಿಯದ್ದು. ಹೆಸರಿಟ್ಟವರು ಯಾರೋ.) ಹೆಲಿಕಾಪ್ಟರ್ ಬಂದರೆ ಮಕ್ಕಳನ್ನು ಕ್ಲಾಸಿನಲ್ಲಿ ಹಿಡಿಯಲಿಕ್ಕೆ ಆಗುತ್ತಿರಲಿಲ್ಲ. ನಾನೂ ಹಿಡಿಯುತ್ತಿರಲಿಲ್ಲ, ಅವರ ಜೊತೆ ಅಂಗಳಕ್ಕೆ ಬಂದು, ರೆಕ್ಕೆ ತಿರುಗಿದರೆ ಗಾಳಿ ಕೆಳಗೆ, ಯಂತ್ರ ಮೇಲೆ, ನ್ಯೂಟನ್ನನ ಮೂರನೆಯ ನಿಯಮ ಎಂದು ಕೈ ತೋರಿಸಿ ಪಾಠ ಮಾಡುತ್ತಿದ್ದೆ. ಬಿಳಿ ಮಂಜಿನ ಹಾಗೆ ಇಳಿಯುತ್ತಿತ್ತು. ಮುಖಕ್ಕೆ ತಣ್ಣಗೆ ತಾಗಿದ ನೆನಪು ಈಗಲೂ ಉಂಟು.

ಆ ವರ್ಷದ ಪಿಟಿಎ ಮೀಟಿಂಗಿನಲ್ಲಿ, ಹೊಡೆಯುವ ದಿನ ಬಾವಿ ಮುಚ್ಚಿ, ದನಗಳನ್ನು ಹಟ್ಟಿಯಲ್ಲಿ ಕಟ್ಟಿ ಎಂಬ ಸೂಚನೆ ಓದುವ ಕೆಲಸ ನನ್ನ ಪಾಲಿಗೆ ಬಂತು. ಓದಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಅಜ್ಜಿ ಎದ್ದಳು. ಮೊಮ್ಮಗಳನ್ನು ಕರೆದುಕೊಂಡು ಹೋಗಲು ಬಂದವಳು, ಮೀಟಿಂಗಿಗೆ ಬಂದವಳೇ ಅಲ್ಲ. ಕಂಕುಳಲ್ಲಿ ಕೊಡೆ, ಸೆರಗಿನ ತುದಿಯಲ್ಲಿ ಎಲೆಅಡಿಕೆ ಗಂಟು. ತುಳುವಿನಲ್ಲಿ ಕೇಳಿದಳು: 'ಬಾವಿ ಮುಚ್ಚಬಹುದು ಟೀಚರೇ. ನಮ್ಮದು ಸುರಂಗ. ಅದನ್ನು ಎಂತದರಲ್ಲಿ ಮುಚ್ಚುವುದು?'

ನಮ್ಮ ಮನೆಯ ಸುರಂಗ ನಿನಗೆ ಗೊತ್ತುಂಟು, ಬಾವಲಿಗೆ ಹೆದರಿ ಅದರ ಬಾಯಿಯ ತನಕವೂ ಬರುತ್ತಿರಲಿಲ್ಲ. ಅವಳದ್ದೂ ಹಾಗೆಯೇ, ಮುರಕಲ್ಲಿನ ಗುಡ್ಡೆಗೆ ಅಡ್ಡಕ್ಕೆ ಕೊರೆದದ್ದು, ಒಳಗಿನಿಂದ ಜಿನುಗಿದ ನೀರು ಅಡಿಕೆ ದಂಬೆಯಲ್ಲಿ ಹರಿದು ತೆರೆದ ಕೆರೆಗೆ ಬೀಳುತ್ತದೆ. ಮುಚ್ಚಲಿಕ್ಕೆ ಅಲ್ಲಿ ಎಂತ ಉಂಟು? ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇರಲಿಲ್ಲವಾದ್ದರಿಂದ ಹೇಳಿದೆ: 'ಒಂದು ಬಿರಡೆ ಮಾಡಿಸಿ ಅಜ್ಜಿ.'

ಇಡೀ ಹಾಲು ನಕ್ಕಿತು. ಹೆಡ್‌ಮಾಷ್ಟ್ರು ಮೇಜು ಕುಟ್ಟಿ ನಕ್ಕರು. ಹೊಸ ಟೀಚರಿಗೆ ಅದು ಎಷ್ಟು ದೊಡ್ಡ ಬಹುಮಾನ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ, ಹದಿನಾಲ್ಕು ನಗುವ ಮುಖಗಳ ಸುಖ ನಿನಗೂ ಗೊತ್ತು. ನಗು ನಿಲ್ಲುವ ಮೊದಲೇ ಅವಳು ಇನ್ನೊಂದು ಕೇಳಿದಳು: 'ಗುಡ್ಡೆಯ ತಲೆಗೆ ಹೊಯ್ದದ್ದು ಗುಡ್ಡೆಯ ಹೊಟ್ಟೆಗೆ ಇಳಿಯುವುದಿಲ್ಲವಾ?' ನಾನು ಮಣ್ಣು ಸೋಸುತ್ತದೆ, ಬಿಸಿಲಿಗೆ ವಾರದೊಳಗೆ ಒಡೆದುಹೋಗುತ್ತದೆ ಎಂದೆ. ಅದನ್ನು ಎಲ್ಲಿಯೂ ಓದಿರಲಿಲ್ಲ, ಗೇರುತೋಟದ ಯಾರೋ ಹೇಳಿದ್ದನ್ನು ಪಾಠದ ಸ್ವರದಲ್ಲಿ ಹೇಳಿದೆ. ಆಮೇಲೆ ಓದಿದೆ. ಅದರ ಬೀಟಾ ರೂಪ ಮಣ್ಣಿನಲ್ಲಿ ಅರ್ಧವಾಗಲಿಕ್ಕೇ ತಿಂಗಳುಗಳು ಬೇಕು, ಒಡೆದು ಆಗುವ ಸಲ್ಫೇಟ್ ಅದಕ್ಕಿಂತ ಹಟಮಾರಿ, ಮತ್ತು ವಿಷವೇ. ಅವಳು ಕುಳಿತುಕೊಂಡಳು. ಗಂಟು ಬಿಚ್ಚಿ ಎಲೆಗೆ ಸುಣ್ಣ ಹಚ್ಚಿದಳು, ಬಹಳ ಹೊತ್ತು ಹಚ್ಚಿದಳು, ಒಂದೇ ಎಲೆಗೆ. ಆಮೇಲೆ ಯಾವ ಮೀಟಿಂಗಿಗೂ ಬರಲಿಲ್ಲ.

ಈ ಕಥೆಯನ್ನು 'ಹಳಬರಿಗೆ ಎಲ್ಲ ಗೊತ್ತಿತ್ತು' ಎಂದು ಓದಬೇಡ, ನನಗೆ ಅದು ಬೇಡ. ಅವಳ ಮಡಕೆಯ ಜೇನೂ ಆ ಸುಮಾರಿಗೆ ಸತ್ತಿತು, ಹೆಲಿಕಾಪ್ಟರಿನಿಂದಲೇ ಎಂದು ಅವಳು ಹೇಳುತ್ತಿದ್ದಳಂತೆ. ಆದರೆ ಅದೇ ವರ್ಷಗಳಲ್ಲಿ ದಕ್ಷಿಣ ಭಾರತದಲ್ಲೆಲ್ಲ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ತುಡುವೆ ಜೇನು ಬಹುಪಾಲು ನೆಲಕಚ್ಚಿತ್ತು. ಅವಳ ಜೇನು ಯಾವುದರಿಂದ ಸತ್ತಿತೋ. ಅವಳು ಜೇನಿನ ವಿಷಯದಲ್ಲಿ ತಪ್ಪಿರಬಹುದು, ನೀರಿನ ವಿಷಯದಲ್ಲಿ ಕೇಳಿದ್ದು ಸರಿಯಾದ ಪ್ರಶ್ನೆ. ಎರಡನ್ನೂ ಒಟ್ಟಿಗೆ ನಗೆಗೆ ಹಾಕಿದ್ದು ನಾನು.

ಮುಂದಿನದ್ದು ನಿನಗೆ ಗೊತ್ತೇ ಉಂಟು. ಕಾಸರಗೋಡಿನ ವಾಣಿನಗರದ ಡಾ. ಮೋಹನ್ ಕುಮಾರ್ ಸಿಂಪಡಣೆಯ ಊರಿನ ರೋಗಿಗಳ ಲೆಕ್ಕ ಇಟ್ಟು ಬರೆದರು. ಪೆರಿಯದ ಲೀಲಾಕುಮಾರಿ ಅಮ್ಮ, ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದವರು, ಕೋರ್ಟಿಗೆ ಹೋದರು. 2000ದ ಕೊನೆಗೆ ಹೆಲಿಕಾಪ್ಟರ್ ನಿಂತಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಸಿಂಪಡಣೆಯಾದ ಪಡ್ರೆಯ 117 ಶಾಲಾ ಹುಡುಗರನ್ನು ಬೇರೆ ಊರಿನ 90 ಹುಡುಗರ ಜೊತೆ ಹೋಲಿಸಿ 2003ರಲ್ಲಿ ಪ್ರಕಟಿಸಿದರು. ಸಿಂಪಡಣೆ ನಿಂತು ಹತ್ತು ತಿಂಗಳಾದ ಮೇಲೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಸಿಕ್ಕಿತು. ಅದಕ್ಕೂ ಊರಿನ ರೋಗಗಳಿಗೂ ಸಂಬಂಧ ಸಾಬೀತಾಗಿಲ್ಲ ಎಂದ ಸಮಿತಿಗಳೂ ಇದ್ದವು, ಹಾಗೆ ವಾದಿಸುವ ವಿಜ್ಞಾನಿಗಳು ಈಗಲೂ ಇದ್ದಾರೆ, ಅವರನ್ನೂ ಓದಿದ್ದೇನೆ. 2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನಿಗೆ ಇಡೀ ದೇಶದಲ್ಲಿ ನಿಷೇಧ ಹಾಕಿತು. ಆ ದಿನ ಸ್ಟಾಫ್‌ರೂಮಿನಲ್ಲಿ ಲಡ್ಡು ಹಂಚಿದರು. ನನಗೆ ತಿನ್ನಲಿಕ್ಕೆ ಆಗಲಿಲ್ಲ.

ಯಾಕೆ ಇಷ್ಟು ಎಳೆಯುತ್ತಿದ್ದೇನೆ ಎಂದರೆ, ನೀನು ಹೊಟ್ಟೆಯಲ್ಲಿದ್ದ ವರ್ಷವೂ ಹೆಲಿಕಾಪ್ಟರ್ ಬಂತು. ನನ್ನ 'ವಾರದೊಳಗೆ ಒಡೆದುಹೋಗುತ್ತದೆ' ಎಂಬ ಮಾತನ್ನು ನಾನೇ ನಂಬಿ ನಾನು ನಮ್ಮ ಸುರಂಗದ ನೀರು ಕುಡಿದೆ. ಏಳನೇ ತಿಂಗಳಿನಲ್ಲಿ ಒಂದು ರಾತ್ರಿ ಆ ಅಜ್ಜಿಯ ಎರಡನೇ ಪ್ರಶ್ನೆ ನೆನಪಾಗಿ ಎದ್ದು ಕುಳಿತೆ. ಅಪ್ಪನಿಗೆ ಹೇಳಲಿಲ್ಲ. ನೀನು ನೆಟ್ಟಗೆ ಹುಟ್ಟಿದೆ, ಆಚೆ ಬೈಲಿನಲ್ಲಿ ಎರಡು ಮನೆಯ ಮಕ್ಕಳು ಹಾಗೆ ಹುಟ್ಟಲಿಲ್ಲ. ಕಾರಣ ಇದೇ ಎಂದು ನಾನು ಹೇಳಲಾರೆ, ಇದಲ್ಲ ಎಂದೂ ಹೇಳಲಾರೆ. ನೀನು ಒಂದೂವರೆ ವರ್ಷದ ತನಕ ಮಾತಾಡಲಿಲ್ಲ. ಈಗ ಬಾಯಿ ಮುಚ್ಚುವುದಿಲ್ಲ ಎಂದು ಬೈಯುತ್ತೇನಲ್ಲ, ಆಗ ದೇವರಿಗೆ ಹರಕೆ ಹೇಳಿಕೊಂಡದ್ದು ಅದಕ್ಕೇ.

ಹಾಗಾಗಿ, ವಾದ ಮಾಡು. ಮಂಗಳನಿಂದ ಹಿಡಿದು ಎಐ ತನಕ ಎಲ್ಲದಕ್ಕೂ ಮಾಡು, ತಮಾಷೆಯೂ ಮಾಡು. ಆದರೆ ಮೊದಲು ಉತ್ತರ, ಆಮೇಲೆ ನಗು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ಕೇಳಿದವರ ಫೋಟೋ ತೆಗೆಯಬೇಡ. ಮತ್ತೆ ಯಾರು ಕೇಳಿದ್ದಾರೆ, ಅವರಿಗೆ ಕಳಕೊಳ್ಳಲಿಕ್ಕೆ ಎಂತ ಉಂಟು ಎಂದು ಒಂದು ಕ್ಷಣ... ನೋಡು, ಪಾಠ ಶುರುವಾಯಿತು. ಎರಡು ಸಾಲಿನಲ್ಲಿ ಮುಗಿಸುತ್ತೇನೆ ಎಂದುಕೊಂಡಿದ್ದೆ.

ನೀನು ಎಂತ ಕೆಲಸಕ್ಕೆ ಹೋಗುವುದೆಂದು ಸೊಸೈಟಿಯಲ್ಲಿ ಕೇಳುತ್ತಾರೆ. ತವರದ ಸಣ್ಣ ಸಣ್ಣ ಹನಿಗಳಿಗೆ ಸೆಕೆಂಡಿಗೆ 50,000 ಸಲ ಲೇಸರ್ ಹೊಡೆದು ಬೆಳಕು ಬರಿಸುವುದು, ಆ ಬೆಳಕಿನಲ್ಲಿ ಕಂಪ್ಯೂಟರ್ ಚಿಪ್‌ನ ಗೆರೆ ಎಳೆಯುವುದು ಎಂದು ನಾನು ಹೇಳುತ್ತೇನೆ, ಅವರಿಗೆ ಅರ್ಥವಾಗಲಿ ಬಿಡಲಿ. ಒಬ್ಬರು ನೆದರ್ಲೆಂಡ್ಸ್ ಅಂದರೆ ದುಬೈ ಹತ್ತಿರವಾ ಎಂದರು. ನಗಲಿಲ್ಲ, ಹೌದೆಂದೂ ಹೇಳಲಿಲ್ಲ, ನಕ್ಷೆ ತೋರಿಸಿದೆ. ಅಲ್ಲಿ ಚಳಿಯಂತೆ, ಕಿವಿ ಮುಚ್ಚಿಕೋ. ರಾತ್ರಿ ಬರೀ ಬ್ರೆಡ್ ತಿಂದು ಮಲಗಬೇಡ. ಕುಚ್ಚಲಕ್ಕಿ ಎರಡು ಕಿಲೋ ಉಂಟು, ಭಾರವೆಂದು ಬೆಂಗಳೂರಿನಲ್ಲೇ ಬಿಟ್ಟು ಹೋದರೆ ನನಗೆ ಗೊತ್ತಾಗುತ್ತದೆ.

ಗ್ರೂಪಿಗೆ ಪುನಃ ಸೇರಿಸು, ನನಗೆ ಅದು ಹೇಗೆಂದು ಗೊತ್ತಿಲ್ಲ.

ನಿನ್ನೆ ಸಂಜೆ ಮೇಲಿನ ಮನೆಗೆ ಹೋಗಿದ್ದೆ, ಬೋಗುಣಿಯ ಮಾತು ಇಬ್ಬರೂ ಎತ್ತಲಿಲ್ಲ. ದೊಡ್ಡಮ್ಮ ಬಾಳೆಹಣ್ಣು ಕೊಟ್ಟಳು, ನೀನು ಯಾವಾಗ ಹೊರಡುವುದೆಂದು ಕೇಳಿದಳು. ಏಳುವಾಗ ಮೆಲ್ಲ ಹೇಳಿದಳು, 'ಅವಳಿಗೆ ಪುರುಸೊತ್ತಾದರೆ ಆ ಪೆಟ್ಟಿಗೆಯದ್ದು ಕೇಳು.' ಟವರಿಗೂ ಜೇನಿಗೂ ಮಾಡಿದ ಪ್ರಯೋಗಗಳು ಯಾವುವು, ಅವುಗಳಲ್ಲಿ ನಂಬುವಂಥವು ಯಾವುವು ಎಂದು ನನಗಿಂತ ನಿನಗೆ ಬೇಗ ಸಿಗುತ್ತದೆ. ವಿಮಾನಕ್ಕೆ ಕಾಯುವಾಗ ಹುಡುಕಿ ಅವಳ ನಂಬರಿಗೇ ಕಳಿಸು, ತುಳುವಿನಲ್ಲಿ ವಾಯ್ಸ್ ಮೆಸೇಜಾದರೆ ಒಳ್ಳೆಯದು, ಅವಳಿಗೆ ಓದಲಿಕ್ಕೆ ಕಷ್ಟ. ಪೆಟ್ಟಿಗೆ ನಾಲ್ಕೂ ಇನ್ನೂ ಹಟ್ಟಿಯ ಜಗಲಿಯಲ್ಲೇ ಉಂಟು, ಇರುವೆ ಹತ್ತದ ಹಾಗೆ ಕಾಲಿಗೆ ನೀರಿನ ಚಿಪ್ಪು ಇಟ್ಟಿದ್ದಾಳೆ.

ನಿನ್ನ
ಅಮ್ಮ