ಕಳಪೆ ಮಾಲು ಕಂಡವನಿಗೆ ಕಾನೂನಿನ ಆಸರೆ ಬೇಕು

ಮಾನ್ಯರೇ,

ಅರಗಾದ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದಾಗಿನಿಂದ ಟೆಂಡರ್, ಬಿಲ್ಲು, ಗುತ್ತಿಗೆ ಎಂಬ ಮಾತುಗಳು ಕಾರವಾರದವರಿಗೆ ಬಂಗಡೆಯ ದರದಷ್ಟೇ ಪರಿಚಿತ. ಇಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದೇ ಗುತ್ತಿಗೆ ಕೆಲಸದಿಂದ. ಹೀಗಿರುವಾಗ ಸೇನೆಗೆ ಹೋಗುವ ಮಾಲಿನಲ್ಲಿ ಮೋಸ ನಡೆದರೆ, ಅದನ್ನು ಒಳಗಿದ್ದೇ ಕಂಡ ಗುಮಾಸ್ತನೋ ಮೇಸ್ತ್ರಿಯೋ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆ ದೆಹಲಿಯವರಿಗಷ್ಟೇ ಸೇರಿದ್ದಲ್ಲ. ನೌಕಾನೆಲೆಯ ಯಾವ ಕಾಮಗಾರಿಯತ್ತಲೂ ನಾನು ಬೊಟ್ಟು ಮಾಡುತ್ತಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಯುದ್ಧ ಬಂದಾಗ ಸರ್ಕಾರಕ್ಕೆ ಅವಸರ, ಆ ಅವಸರದಲ್ಲಿ ತಪಾಸಣೆ ಸಡಿಲ. ಅಮೆರಿಕದ ಅಂತರ್ಯುದ್ಧದಲ್ಲಿ ಗುತ್ತಿಗೆದಾರರು ಸಿಡಿಮದ್ದಿನ ಪೀಪಾಯಿಗಳಲ್ಲಿ ಮರದ ಹೊಟ್ಟು ತುಂಬಿ ಕಳಿಸಿದ್ದರು, ಕುಂಟು ಕುದುರೆಗಳನ್ನು ಮಾರಿದ್ದರು. ಹಳೆಯ ಚಿಂದಿಯನ್ನು ಹಿಂಜಿ ನೇಯ್ದ ಬಟ್ಟೆಯ ಸಮವಸ್ತ್ರ ಮಳೆಗೆ ಸಿಕ್ಕಿ ಸೈನಿಕರ ಮೈಮೇಲೆಯೇ ಹರಿದುಹೋಗುತ್ತಿತ್ತು. 1863ರ ಮಾರ್ಚ್‌ನಲ್ಲಿ ಲಿಂಕನ್ ಸಹಿ ಮಾಡಿದ ಸುಳ್ಳು ಬಿಲ್ಲಿನ ಕಾಯ್ದೆ ಇದಕ್ಕೆ ಕಂಡುಕೊಂಡ ಉಪಾಯ ಇಂದಿಗೂ ಬೆರಗು ಹುಟ್ಟಿಸುತ್ತದೆ. ಮೋಸ ತಿಳಿದ ಯಾವ ಪ್ರಜೆಯಾದರೂ ಸರ್ಕಾರದ ಪರವಾಗಿ ತಾನೇ ದಾವೆ ಹೂಡಬಹುದು, ಗೆದ್ದರೆ ವಸೂಲಾದ ಹಣದಲ್ಲಿ ಅರ್ಧ ಅವನದು. ತಮಾಷೆಯೆಂದರೆ, ಎರಡನೇ ಮಹಾಯುದ್ಧದಲ್ಲಿ ಒಹಾಯೋದ ಕಾರ್ಖಾನೆಯೊಂದು ದೋಷವಿದ್ದ ವಿಮಾನ ಎಂಜಿನ್‌ಗಳನ್ನು ಪಾಸು ಮಾಡಿಸಿದ್ದನ್ನು ಯುದ್ಧದ ಗುತ್ತಿಗೆಗಳ ತನಿಖೆಗಿದ್ದ ಸೆನೆಟ್‌ನ ಟ್ರೂಮನ್ ಸಮಿತಿ ಬಯಲಿಗೆಳೆದ 1943ರಲ್ಲೇ, ಅಲ್ಲಿನ ಸಂಸತ್ತು ಈ ಕಾಯ್ದೆಯ ಹಲ್ಲು ಕಿತ್ತಿತು. ಅದನ್ನು ಮತ್ತೆ ಕಟ್ಟಿಸಿಕೊಳ್ಳಲು 1986ರವರೆಗೆ ಕಾಯಬೇಕಾಯಿತು. ಈಗ ಮೋಸಗಾರ ನಷ್ಟದ ಮೂರು ಪಟ್ಟು ತೆರಬೇಕು, ದಾವೆ ಹೂಡಿದವನಿಗೆ ಸಾಮಾನ್ಯವಾಗಿ ಶೇಕಡಾ 15ರಿಂದ 30ರವರೆಗೆ ಪಾಲು ಸಿಗುತ್ತದೆ, ಮತ್ತು ಅವನನ್ನು ಕೆಲಸದಿಂದ ತೆಗೆದರೆ ಅದಕ್ಕೂ ಪರಿಹಾರವಿದೆ.

ದೇಶಭಕ್ತಿಗೆ ಕಮಿಷನ್ ಕೇಳುವುದೇ ಎಂದು ಮೂಗು ಮುರಿಯುವವರಿಗೆ ನನ್ನದೇ ಒಂದು ಅನುಭವ ಹೇಳುತ್ತೇನೆ. ಹರೆಯದಲ್ಲಿ ನಾನು ನಮ್ಮ ಕರಾವಳಿಯ ಒಂದು ಕಡೆ, ಕಡಲ್ಕೊರೆತದ ತಡೆಗೋಡೆ ಕಟ್ಟುವ ಗುತ್ತಿಗೆದಾರರಲ್ಲಿ ಲೆಕ್ಕ ಬರೆಯುತ್ತಿದ್ದೆ. ಕಲ್ಲಿನ ಲಾರಿ ತೂಗಿದ ಚೀಟಿಗಳನ್ನು ಪುಸ್ತಕಕ್ಕೆ ಏರಿಸುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಒಂದೇ ನಂಬರಿನ ಲಾರಿಯ ಎರಡು ಚೀಟಿಗಳು ಕೈಗೆ ಬಂದವು. ನಡುವಿನ ಅಂತರ ಹನ್ನೊಂದು ನಿಮಿಷ. ಕಲ್ಲುಕ್ವಾರಿ ಇದ್ದದ್ದು ಮುಕ್ಕಾಲು ಗಂಟೆಯ ದಾರಿಯಲ್ಲಿ. ಸಮುದ್ರಕ್ಕೆ ಬಿದ್ದ ಕಲ್ಲನ್ನು ಎಣಿಸುವವರು ಯಾರೂ ಇಲ್ಲ ಎಂಬ ಧೈರ್ಯ ಅವರದು. ಮೇಲಿನವರ ಗಮನಕ್ಕೆ ಮೆಲ್ಲಗೆ ತಂದೆ. ಅವರು ಚೀಟಿ ಕಿಸೆಗೆ ಹಾಕಿಕೊಂಡು ಚಹಾ ಕುಡಿಸಿದರು. ಮುಂದಿನ ಸೋಮವಾರದಿಂದ ಬರಬೇಡ ಎಂದರು. ಮನೆಯಲ್ಲಿ ಎರಡು ಚಿಕ್ಕ ಮಕ್ಕಳಿದ್ದವು. ನಾನು ಮತ್ತೆ ಬಾಯಿ ಬಿಡಲಿಲ್ಲ. ಆ ಮೌನದ ಬಗ್ಗೆ ಹೆಮ್ಮೆಯೇನೂ ಇಲ್ಲ. ಆದರೆ ಕೆಲಸ ಹೋದರೂ ಒಂದು ವರ್ಷ ಕುಟುಂಬ ನಡೆಯುತ್ತದೆ ಎಂಬ ಭರವಸೆ ಇದ್ದಿದ್ದರೆ ಆ ಚೀಟಿ ಅವರ ಕಿಸೆ ಸೇರುತ್ತಿರಲಿಲ್ಲ.

ನಮ್ಮಲ್ಲೂ ಯುದ್ಧಕಾಲದ ಖರೀದಿಯ ಕಥೆ ಹಳೆಯದು. ಕಾಶ್ಮೀರದ ಕಾಳಗ ನಡೆಯುತ್ತಿದ್ದ 1948ರಲ್ಲಿ ಲಂಡನ್ನಿನ ನಮ್ಮ ಹೈಕಮಿಷನ್ ಮೂಲಕ ಜೀಪುಗಳ ಒಪ್ಪಂದವಾಯಿತು. ಬಂದಿಳಿದ 155 ಜೀಪುಗಳು ಬಳಕೆಗೆ ಬಾರದವೆಂದು ಗೊತ್ತಾಯಿತು, 1955ರಲ್ಲಿ ಸರ್ಕಾರ ಕಡತ ಮುಚ್ಚಿತು. ಬಾಯಿ ಬಿಟ್ಟವರ ಗತಿಯೂ ಗೊತ್ತಿರುವುದೇ. ಹೆದ್ದಾರಿ ಎಂಜಿನಿಯರ್ ಸತ್ಯೇಂದ್ರ ದುಬೆ ಪ್ರಧಾನಿ ಕಾರ್ಯಾಲಯಕ್ಕೆ ಪತ್ರ ಬರೆದು ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತವೇ ಕಚೇರಿಯಿಂದ ಕಚೇರಿಗೆ ತಿರುಗಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಆ ಬಳಿಕ 2004ರಲ್ಲಿ ಕೇಂದ್ರ ಜಾಗೃತ ಆಯೋಗಕ್ಕೆ ಗುಟ್ಟಾಗಿ ದೂರು ಕೊಡುವ ವ್ಯವಸ್ಥೆಯಾಯಿತು. ಅದು ಸರ್ಕಾರದ ನಿರ್ಣಯ ಮಾತ್ರ, ಕಾಯ್ದೆಯಲ್ಲ. 2014ರಲ್ಲಿ ಇಂಥ ದೂರುದಾರರ ರಕ್ಷಣೆಗೆ ಕಾಯ್ದೆಯೂ ಆಯಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಜಾರಿಯ ದಿನಾಂಕ ಮಾತ್ರ ಇಂದಿಗೂ ಪ್ರಕಟವಾಗಿಲ್ಲ. ಬದಲಿಗೆ ಮರುವರ್ಷವೇ, ದೇಶದ ಭದ್ರತೆಯ ಹೆಸರಿನಲ್ಲಿ ಹಲವು ಬಗೆಯ ಮಾಹಿತಿಯನ್ನು ದೂರಿನಿಂದ ಹೊರಗಿಡುವ ತಿದ್ದುಪಡಿ ಮಸೂದೆ ಬಂತು, ಲೋಕಸಭೆಯನ್ನು ದಾಟಿ ಅಲ್ಲಿಗೇ ನಿಂತಿತು. ಹಡಗು ಎಲ್ಲಿ ಲಂಗರು ಹಾಕಿದೆ ಎಂಬುದು ಗುಟ್ಟಾಗಿರಬೇಕು, ನಿಜ. ಹಡಗಿಗೆ ಹಾಕಿದ ಉಕ್ಕಿನ ಹಾಳೆ ಎಷ್ಟು ತೆಳು ಎಂಬುದು ಯಾರಿಂದ ಗುಟ್ಟು?

ನಮ್ಮ ಜಿಲ್ಲೆಯ ಸಂಸದರು ಮುಂದಿನ ಅಧಿವೇಶನದಲ್ಲಿ 2014ರ ಕಾಯ್ದೆಯ ಜಾರಿಯ ದಿನಾಂಕ ಯಾವುದೆಂದು ಸರ್ಕಾರವನ್ನು ಕೇಳಲಿ. ರಕ್ಷಣಾ ಗುತ್ತಿಗೆಗಳಲ್ಲಿ ದುಡಿಯುವ ಖಾಸಗಿ ನೌಕರರಿಗೂ ಅದರ ರಕ್ಷಣೆ ಸಿಗುವಂತೆ, ವಸೂಲಾದ ಮೊತ್ತದಲ್ಲಿ ಒಂದು ಪಾಲು ದೂರು ಕೊಟ್ಟವನಿಗೆ ಸೇರುವಂತೆ ತಿದ್ದುಪಡಿಯನ್ನೂ ಒತ್ತಾಯಿಸಲಿ. ಗೊತ್ತಿದ್ದೂ ಕೊಟ್ಟ ಸುಳ್ಳು ದೂರಿಗೆ ಎರಡು ವರ್ಷದವರೆಗೆ ಜೈಲು ಎಂದು ಆ ಕಾಯ್ದೆಯಲ್ಲೇ ಬರೆದಿರುವುದರಿಂದ, ಪಾಲಿನ ಆಸೆಗೆ ಕಂಡಕಂಡವರ ಮೇಲೆ ದೂರು ಬೀಳುತ್ತದೆಂಬ ಭಯಕ್ಕೆ ಕಾರಣವಿಲ್ಲ.

– ನಿವೃತ್ತ ಲೆಕ್ಕಿಗ, ಬೈತಖೋಲ, ಕಾರವಾರ