ಮೀನು ಒಣಗಿಸುವ ಮರಳಿಗೆ ಕಾರು ಇಳಿಸಬೇಡಿ

ಮಾನ್ಯ ಸಂಪಾದಕರೇ,

ಮಲ್ಪೆ ಬೀಚಿನ ಗದ್ದಲ ಸಾಕಾದವರು ಈಗ ಸೇತುವೆ ದಾಟಿ ನಮ್ಮ ಪಡುಕೆರೆಗೆ ಬರುತ್ತಿದ್ದಾರೆ. ಬರಲಿ, ಬೇಡ ಅನ್ನುವುದಿಲ್ಲ. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಹೊಳೆ, ನಡುವೆ ಒಂದು ರಸ್ತೆ, ನಾಲ್ಕು ತೆಂಗು, ನಮ್ಮ ಮನೆಗಳು. ಇಷ್ಟೇ ಊರು. ಕಾರನ್ನು ಮಾತ್ರ ಮರಳಿಗೆ ಇಳಿಸಬೇಡಿ ಅಂತ ಹೇಳಲು ಈ ಪತ್ರ.

ಖಾಲಿ ಕಾಣುವ ಆ ಮರಳಿನಲ್ಲಿ ನಮಗೆ ಕೆಲಸವಿದೆ. ಮಳೆ ಕಳೆದ ಮೇಲೆ ಅಲ್ಲಿ ಹಳೇ ಬಲೆ ಹಾಸಿ ಮೀನು ಒಣಗಿಸುತ್ತೇವೆ. ಬಂಗುಡೆಯಾದರೆ ಸೀಳಿ, ಕರುಳು ತೆಗೆದು, ಉಪ್ಪು ತುಂಬಿ ರಾತ್ರಿಯಿಡೀ ಇಟ್ಟು ಮರುದಿನ ಬಿಸಿಲಿಗೆ ಹಾಕಬೇಕು. ಸಣ್ಣ ಎಟ್ಟಿಗೆ, ಅಂದರೆ ಸಿಗಡಿಗೆ, ಅಷ್ಟು ರಗಳೆ ಇಲ್ಲ, ಹಾಗೇ ಹರಡಿದರಾಯಿತು. ಮಧ್ಯಾಹ್ನ ಮಗುಚಬೇಕು, ಕಾಗೆ ನಾಯಿ ಓಡಿಸಬೇಕು, ಇಬ್ಬನಿ ಬೀಳುವ ಮೊದಲು ಬಾಚಿ ಬುಟ್ಟಿಗೆ ತುಂಬಬೇಕು. ಹತ್ತಿರದಲ್ಲಿ ಕಾರು ಗಿರಗಿರ ತಿರುಗಿಸಿದರೆ ಸಾಕು, ಹಸಿ ಮೀನಿಗೆ ಮರಳು ಮೆತ್ತಿಕೊಳ್ಳುತ್ತದೆ. ಮರಳು ಕಚ್ಚುವ ಒಣಮೀನನ್ನು ಯಾರು ಕೊಳ್ಳುತ್ತಾರೆ? ಮೊನ್ನೆ ಒಬ್ಬರು ಬಲೆಯ ಅಂಚಿನ ಮೇಲೇ ಗಾಡಿ ಹಾಯಿಸಿದರು. ಕೇಳಿದರೆ, "ಬೀಚ್ ನಿಮ್ಮದಾ?" ಅಂತ ನನಗೇ ಜೋರು.

ನಮ್ಮದಲ್ಲ ಸ್ವಾಮಿ. ಆದರೆ ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) 2011ರ ಅಧಿಸೂಚನೆಯೇ ಕಟ್ಟಡ ಕಟ್ಟಬಾರದ ದಡದಲ್ಲೂ ಮೀನು ಒಣಗಿಸುವ ಜಾಗಕ್ಕೆ ಅವಕಾಶ ಕೊಟ್ಟಿತ್ತು. ಸುಮ್ನೆ ಕೊಟ್ಟದ್ದಲ್ಲ ಅಲ್ವಾ?

ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ಹಸಿ ಮೀನು ಸಿಗುವುದೇ ಕಡಿಮೆ, ಸಿಕ್ಕಿದರೂ ದುಬಾರಿ. ಆಗ ಗಂಜಿಗೆ ಒಣ ಎಟ್ಟಿ ಚಟ್ನಿಯೇ ಗತಿ. ತಲೆ ಬಾಲ ಮುರಿದು, ಘಮ್ಮೆನ್ನುವಷ್ಟು ಹುರಿದು, ತೆಂಗಿನಕಾಯಿ, ಒಣಮೆಣಸು, ಹುಣಸೆಹುಳಿ ಹಾಕಿ ತರಿತರಿಯಾಗಿ ರುಬ್ಬಬೇಕು. ಈರುಳ್ಳಿಯನ್ನು ಕೊನೆಗೆ ಹಸಿಯಾಗೇ ಬೆರೆಸಬೇಕು. ಮಿಕ್ಸಿಯಲ್ಲಿ ನುಣ್ಣಗೆ ಮಾಡುವವರೂ ಇದ್ದಾರೆ, ನನಗಂತೂ ಸೇರದು. ಬರುವ ಪ್ರವಾಸಿಗರು ಕೇಳುವುದು ಮಾತ್ರ ಬರೀ ಅಂಜಲ್ ಫ್ರೈ!

ದಡದಲ್ಲೇ ನಿಂತು ಕೈಯಿಂದ ಬಲೆ ಎಳೆಯುವ ಕೈರಂಪಣಿಯವರ ಗೋಳೂ ಇದೇ. ದೋಣಿ ಅರ್ಧ ಸುತ್ತು ಬಲೆ ಬಿಟ್ಟು ಬಂದ ಮೇಲೆ ಎರಡೂ ತುದಿಯ ಹಗ್ಗ ಹಿಡಿದು ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಟ್ಟು ಎಳೆಯಬೇಕು. ಬೆನ್ನ ಹಿಂದೆ ಕಾರು ನಿಂತಿದ್ದರೆ ಎಲ್ಲಿಗೆ ಹೋಗುವುದು?

ಕಾರು ಇಳಿಯುವ ಸಂದುಗಳು ಎಲ್ಲರಿಗೂ ಗೊತ್ತು. ಅಧಿಕಾರಿಗಳೇ, ಅಲ್ಲಿ ಎರಡೆರಡು ಕಲ್ಲುಕಂಬ ನೆಡಿಸಿ. ದೋಣಿ ಎಳೆದು ತರುವಷ್ಟು ಜಾಗ ಬಿಟ್ಟೇ ನೆಡಬೇಕು, ಅದಕ್ಕೆ ಮೊದಲು ನಮ್ಮನ್ನು ಒಂದು ಮಾತು ಕೇಳಿ.

— ಒಬ್ಬ ಮೀನುಗಾರ ಮಹಿಳೆ, ಪಡುಕೆರೆ