ಹಳೆ ಪಂಚಾಂಗ ಎಸೆಯಬೇಡ

ಪ್ರೀತಿಯ ಸುರೇಶ,

ನಿಮ್ಮಪ್ಪನ ಹಳೆ ಪಂಚಾಂಗಗಳನ್ನು ರದ್ದಿಗೆ ಹಾಕಲಾ ಅಂತ ಕೇಳಿದ್ದೆ. ಬೇಡ ಮಾರಾಯ. ಅಂಚಿನಲ್ಲಿ ಅವರು ಮಳೆ, ಅಡಿಕೆ ದರ, ಯಾರೋ ತೀರಿಕೊಂಡ ಸುದ್ದಿ ಗೀಚಿಟ್ಟಿದ್ದಾರಲ್ಲ, ಅಂಥದ್ದನ್ನೇ ಓದುತ್ತಾ ಆಯುಷ್ಯ ಕಳೆದ ಒಬ್ಬರ ಕಥೆ ಹೇಳುತ್ತೇನೆ.

ಅವರು ಏಬ್ರಹಾಂ ಸ್ಯಾಕ್ಸ್. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿದ್ದವರು. ಅಲ್ಲಿ ಆಟೋ ನ್ಯೂಗೆಬಾವರ್ ಗಣಿತದ ಕಡೆಯವರು, ಸ್ಯಾಕ್ಸ್ ಭಾಷೆಯ ಕಡೆಯವರು. ಒಳ್ಳೆ ಜೋಡಿ. ಇಬ್ಬರೂ ಓದುತ್ತಿದ್ದದ್ದು ಪ್ರಾಚೀನ ಬ್ಯಾಬಿಲೋನಿನ (ಇಂದಿನ ಇರಾಕ್) ಮಣ್ಣಿನ ಫಲಕಗಳನ್ನು. ಬ್ಯಾಬಿಲೋನಿನವರು ಚಾಂದ್ರಮಾಸವನ್ನು ಸಮನಾಗಿ 30 ಪಾಲು ಮಾಡಿ ಲೆಕ್ಕ ಹಾಕುತ್ತಿದ್ದರು. ಆ ಪಾಲಿಗೆ ನ್ಯೂಗೆಬಾವರ್ ಇಟ್ಟ ಹೆಸರೇನು ಗೊತ್ತಾ? ತಿಥಿ! ನಮ್ಮದೇ ಪದ.

1950ರ ದಶಕದ ಶುರುವಿನಲ್ಲಿ ಸ್ಯಾಕ್ಸ್ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋದರು. ಅಲ್ಲಿ ಅವರ ಕೈಗೆ ಒಂದು ಕಟ್ಟು ಬಂತು. ಪಿಂಚಸ್ ಎಂಬ ವಿದ್ವಾಂಸರು ಬ್ಯಾಬಿಲೋನಿನ ಸಾವಿರಕ್ಕೂ ಜಾಸ್ತಿ ಮಣ್ಣಿನ ಫಲಕಗಳನ್ನು ನೋಡಿ ಬರೆದಿಟ್ಟ ನಕಲುಗಳು. ಅರ್ಧ ಶತಮಾನ ಸುಮ್ನೆ ಬಿದ್ದಿದ್ದವು. ಪಿಂಚಸ್ 1934ರಲ್ಲೇ ತೀರಿಕೊಂಡಿದ್ದರು. ಸ್ಯಾಕ್ಸ್ ಅವನ್ನು 1955ರಲ್ಲಿ ಅಚ್ಚು ಹಾಕಿಸಿದರು.

ಅದರಲ್ಲಿ ಬಹಳಷ್ಟು ಆಕಾಶದ ದಿನಚರಿ. ಚಂದ್ರ ಯಾವ ನಕ್ಷತ್ರದ ಹತ್ತಿರ, ಗುರು ಎಲ್ಲಿ, ಯೂಫ್ರೆಟಿಸ್ ನದಿಯ ನೀರು ಎಷ್ಟು ಏರಿತು, ಒಂದು ಶೆಕೆಲ್ (ಅಲ್ಲಿನ ತೂಕ) ಬೆಳ್ಳಿಗೆ ಬಾರ್ಲಿ, ಖರ್ಜೂರ, ಎಳ್ಳು, ಉಣ್ಣೆ ಎಷ್ಟೆಷ್ಟು ಸಿಗುತ್ತಿತ್ತು. ಮೋಡ ಕವಿದ ರಾತ್ರಿ ‘ನೋಡಲಿಲ್ಲ’ ಅಂತ ಬರೆದಿಡುವಷ್ಟು ಪ್ರಾಮಾಣಿಕರು! ಕ್ರಿ.ಪೂ. 323ರ ಒಂದು ಫಲಕದಲ್ಲಿ ‘ರಾಜ ಸತ್ತ’ ಅಂತಿದೆ, ಜೊತೆಗೆ ಮೋಡದ ಮಾತು. ಆ ರಾಜ ಅಲೆಕ್ಸಾಂಡರ್. ಅಷ್ಟೇ, ಒಂದು ಸಾಲು.

ತೊಂದರೆ ಏನಂದರೆ, ಎಷ್ಟೋ ಫಲಕ ಒಡೆದು, ವರ್ಷ ಬರೆದ ತುಂಡೇ ಕಾಣೆ. ಹಾಗಾದಾಗ ಸ್ಯಾಕ್ಸ್ ಗ್ರಹಗಳ ಜಾಗ ಹಿಡಿದು ಲೆಕ್ಕ ಹಾಕಿ ವರ್ಷ ಪತ್ತೆ ಮಾಡುತ್ತಿದ್ದರು. ನಂಗೆ ಇದು ಪತ್ತೇದಾರಿಗಿಂತ ಹೆಚ್ಚು ತಾಳ್ಮೆಯ ಕೆಲಸ ಅನ್ನಿಸುತ್ತದೆ. ಈ ಫಲಕಗಳ ಗ್ರಹಣದ ದಾಖಲೆಗಳಿಂದಲೂ ಭೂಮಿ ತಿರುಗುವ ವೇಗ ನಿಧಾನವಾಗಿ ಎಷ್ಟು ಕಡಿಮೆಯಾಗುತ್ತಿದೆ ಅಂತ ಅಳೆಯುತ್ತಾರೆ. ಕ್ರಿ.ಪೂ. 136ರ ಖಗ್ರಾಸ ಸೂರ್ಯಗ್ರಹಣವನ್ನು ಬ್ಯಾಬಿಲೋನಿನವರು ಕಣ್ಣಾರೆ ಕಂಡಿದ್ದರು. ಆಗಲೂ ಭೂಮಿ ಇವತ್ತಿನ ವೇಗದಲ್ಲೇ ತಿರುಗುತ್ತಿತ್ತು ಅಂತ ಹಿಡಿದರೆ ಅದರ ನೆರಳು ಸಾವಿರಾರು ಕಿಲೋಮೀಟರ್ ಪಶ್ಚಿಮಕ್ಕೆ ಬೀಳಬೇಕಿತ್ತು.

ಸ್ಯಾಕ್ಸ್ 1983ರಲ್ಲಿ ಹೋದರು. ದಿನಚರಿಗಳ ಅನುವಾದ ಮುಗಿದಿರಲಿಲ್ಲ. ವಿಯೆನ್ನಾದ ಹರ್ಮನ್ ಹಂಗರ್ ಮುಂದುವರಿಸಿ 1988ರಲ್ಲಿ ಮೊದಲ ಸಂಪುಟ ತಂದರು. ಸ್ಯಾಕ್ಸ್ ಹೆಸರು ಮುಂದೆ, ತಮ್ಮದು ಹಿಂದೆ.

ಪಂಚಾಂಗಗಳನ್ನು ಗೆದ್ದಲು ಹತ್ತದ ಕಡೆ ಇಡು. 1978ರದ್ದು ಸಿಕ್ಕರೆ ಫೋಟೋ ಕಳಿಸು. ನಾನು ಹುಟ್ಟಿದ ವಾರ ಅಡಿಕೆ ಎಷ್ಟಿತ್ತು, ನೋಡಬೇಕು.

ನಿನ್ನ,
ರಘು